ಹರ್ಮಿಸನ ಆಮೆಚಿಪ್ಪು, ಪ್ರೊಮಿಥಿಯಸನ ಎರಡು ಗುಡ್ಡೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಮೈಸೂರು, ಮಂಡ್ಯದ ಮಕ್ಕಳ ಶಿಬಿರಗಳಲ್ಲಿ ಗ್ರೀಕ್ ಪುರಾಣದ ಕಥೆಗಳು ನಾಟಕವಾಗುತ್ತವೆ. ಪತ್ರಿಕೆಗಳ ಮಕ್ಕಳ ಪುಟದಲ್ಲೂ ಅವು ಆಗಾಗ ಕಾಣಿಸುತ್ತವೆ. ಇದು ಸಂತೋಷದ ವಿಷಯ. ಆದರೆ ಉಪಾಯಗಾರ ದೇವತೆಗಳ ಕಥೆ ಬಂದಾಗಲೆಲ್ಲ ಒಂದೇ ಬಗೆಯ ಕತ್ತರಿ ಬೀಳುತ್ತದೆ. ಹರ್ಮಿಸ್ ‘ಗ್ರೀಕರ ನಾರದ’. ಹುಟ್ಟಿದ ದಿನವೇ ದನ ಕದ್ದ, ಅಪ್ಪ ನಕ್ಕ, ಕಥೆ ಮುಗಿಯಿತು. ದೇವರ ಬೆಂಕಿ ಕದ್ದು ಮನುಷ್ಯರಿಗೆ ತಂದ ಪ್ರೊಮಿಥಿಯಸ್ ಪಂಜು ಹಿಡಿದು ಓಡಿದವನು. ಯಾವ ಉಪಕರಣ, ಯಾವ ಗಿಡ, ಎಷ್ಟು ಪಾಲು, ಎಲ್ಲಿ ಎಡವಿದರು ಎಂಬುದೆಲ್ಲ ‘ಉದ್ದವಾಯಿತು’ ಎಂದು ಬಿಟ್ಟುಹೋಗುತ್ತದೆ. ಈ ಕಥೆಗಳಲ್ಲಿ ‘ಹೇಗೆ’ ಎಂಬುದೇ ಕಥೆ. ಅದನ್ನು ತೆಗೆದರೆ ಉಳಿಯುವುದು ಬರೀ ತುಂಟತನ.

ಗ್ರೀಕರಲ್ಲಿ ಇದಕ್ಕೆ ‘ಮೇಟಿಸ್’ ಎಂಬ ಮಾತಿದೆ. ನಮ್ಮ ಕಡೆ ಜನ ಹೇಳುವ ‘ಹಿಕಮತ್ತು’ ಅದಕ್ಕೆ ತೀರ ಹತ್ತಿರ. ಬುದ್ಧಿ, ಕೈಚಳಕ, ಹೊತ್ತು ನೋಡಿ ನಡೆಯುವ ಜಾಣತನ ಮೂರೂ ಅದರಲ್ಲಿವೆ. ಮೇಟಿಸ್ ದೇವಿಯ ಹೆಸರೂ ಹೌದು. ಆಕೆ ಹರ್ಮಿಸನ ಅಪ್ಪನಾದ ದೇವರಾಜ ಜ್ಯೂಸನ ಮೊದಲ ಹೆಂಡತಿ. ತನಗಿಂತ ಬಲಶಾಲಿಯಾದ ಮಗ ಆಕೆಗೆ ಹುಟ್ಟಬಹುದೆಂಬ ಭಯದಿಂದ ಜ್ಯೂಸ್ ಆಕೆಯನ್ನೇ ನುಂಗಿಬಿಟ್ಟ. ಅಂದರೆ ಉಪಾಯ ದೇವಲೋಕದ ಹೊರಗಿನ ಕೊಳಕಲ್ಲ, ದೇವರಾಜನ ಹೊಟ್ಟೆಯೊಳಗೇ ಇರುವಂಥದ್ದು. ಜ್ಯೂಸ್ ಬದುಕಿ ಉಳಿದದ್ದೂ ಉಪಾಯದಿಂದಲೇ: ತಾಯಿ ರಿಯಾ ಕೂಸಿನ ಬದಲು ಬಟ್ಟೆ ಸುತ್ತಿದ ಕಲ್ಲನ್ನು, ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದ ಗಂಡ ಕ್ರೋನಸನಿಗೆ ಕೊಟ್ಟಳು, ಅವನು ಅದನ್ನೇ ನುಂಗಿದ.

ಹರ್ಮಿಸನ ಕಥೆಯ ಮುಖ್ಯ ಆಕರ ಅವನ ಮೇಲಿನ 580 ಸಾಲಿನ ಗ್ರೀಕ್ ಸ್ತುತಿಪದ್ಯ. ಹೋಮರನ ಹೆಸರಿನಲ್ಲಿ ಬಂದಿದ್ದರೂ ಅದು ಹೋಮರನದಲ್ಲ. ಅದರ ಪ್ರಕಾರ ಅವನು ತಿಂಗಳ ನಾಲ್ಕನೆಯ ದಿನ ಮುಂಜಾನೆ ಹುಟ್ಟಿದ, ಮಧ್ಯಾಹ್ನ ವಾದ್ಯ ನುಡಿಸಿದ, ಸಂಜೆಗೆ ಅಣ್ಣ ಅಪೊಲೊನ ದನ ಕದ್ದ. ಹುಟ್ಟಿದ್ದು ಆರ್ಕೇಡಿಯಾದ ಕಿಲ್ಲೀನಿ ಬೆಟ್ಟದ ಗುಹೆಯಲ್ಲಿ. ತಾಯಿ ಮಾಯಾ, ಅಟ್ಲಾಸನ ಮಗಳು. ಈ ಹೆಸರಿಗೂ ನಮ್ಮ ಮಾಯೆಗೂ ಯಾವ ಸಂಬಂಧವೂ ಇಲ್ಲ; ‘ಮಾಯೆಯ ಮಗ, ಆದ್ದರಿಂದ ಮಾಯಾವಿ’ ಎಂಬ ವಿವರಣೆ ಓದಿದ್ದೇವೆ, ಅದನ್ನು ದಯವಿಟ್ಟು ಬಿಡಬೇಕು. ಗೊಂದಲ ಬೇಡವೆಂದರೆ ‘ಮೈಯಾ’ ಎಂದು ಬರೆದರೆ ಸಾಕು. ಕೂಸನ್ನು ಮಲಗಿಸಿದ್ದು ‘ಲಿಕ್ನಾನ್’ನಲ್ಲಿ. ಅದು ಧಾನ್ಯ ತೂರುವ ಬುಟ್ಟಿ, ನಮ್ಮ ಮೊರದ ಜಾತಿಯದು. ಎಳೆಗೂಸನ್ನು ಮೊರದಲ್ಲಿ ಮಲಗಿಸುವುದನ್ನು ಕಂಡಿರುವ ನಮ್ಮ ಮಕ್ಕಳಿಗೆ ರಂಗದ ಮೇಲೆ ಬಣ್ಣದ ತೊಟ್ಟಿಲಿಗಿಂತ ಮೊರವೇ ಹೆಚ್ಚು ಹೇಳುತ್ತದೆ.

ಹೊಸ್ತಿಲು ದಾಟಿದ ಕೂಡಲೇ ಅವನಿಗೆ ಆಮೆ ಸಿಗುತ್ತದೆ. ಬದುಕಿದ್ದರೆ ನೀನು ಮಾಟಕ್ಕೆ ತಡೆ, ಸತ್ತರೆ ಚೆನ್ನಾಗಿ ಹಾಡುವೆ ಎಂದು ಅದಕ್ಕೇ ಹೇಳುತ್ತಾನೆ. ಆಮೇಲೆ ಕೆಲಸ. ಆಮೆಯನ್ನು ಮಗುಚಿ, ಕಬ್ಬಿಣದ ಉಳಿಯಿಂದ ಒಳಗಿನದನ್ನೆಲ್ಲ ತೋಡಿ ತೆಗೆಯುತ್ತಾನೆ. ಜೊಂಡಿನ ಕಡ್ಡಿಗಳನ್ನು ಅಳತೆಗೆ ಕತ್ತರಿಸಿ, ಚಿಪ್ಪಿನಲ್ಲಿ ತೂತು ಕೊರೆದು ಕೂರಿಸುತ್ತಾನೆ. ಮೇಲೆ ಬರುವ ಚರ್ಮಕ್ಕೆ ಅದು ಆಸರೆ. ಎತ್ತಿನ ಚರ್ಮ ಬಿಗಿಯುತ್ತಾನೆ. ಎರಡು ತೋಳು ನಿಲ್ಲಿಸಿ, ಅವುಗಳ ನಡುವೆ ಅಡ್ಡಪಟ್ಟಿ ಹಾಕಿ, ಕುರಿಯ ಕರುಳಿನ ಏಳು ತಂತಿ ಎಳೆಯುತ್ತಾನೆ. ಇದು ಲೈರ್. ವೀಣೆಯಂತೆ ಮೆಟ್ಟಿಲುಗಳಿಲ್ಲ, ತಂತಿಗೆ ಒಂದೇ ಸ್ವರ. ಚಿತ್ರದಲ್ಲಿ ಕೂಸಿನ ಕೈಗೆ ವೀಣೆ ಅಥವಾ ಗಿಟಾರ್ ಕೊಟ್ಟರೆ ಇಷ್ಟೆಲ್ಲ ಕೆಲಸ ಮಾಯವಾಗುತ್ತದೆ. ಸರಸ್ವತಿಯ ವೀಣೆಯ ಹೆಸರು ಕಚ್ಛಪಿ, ಕಚ್ಛಪವೆಂದರೆ ಆಮೆ. ಗ್ರೀಕರು ಲೈರನ್ನು ಕರೆದ ‘ಖೆಲಿಸ್’ ಎಂಬುದಕ್ಕೂ ಆಮೆ ಎಂದೇ ಅರ್ಥ. ಹೋಲಿಕೆ ಬೇಕೆಂದರೆ ನಾರದನನ್ನು ಎಳೆತರುವುದಕ್ಕಿಂತ ಇದನ್ನು ಹೇಳಬಹುದು.

ಇಲ್ಲಿ ಒಂದು ತೊಡಕಿದೆ, ಅನುವಾದಕರು ಗಮನಿಸಬೇಕು. ಸ್ತುತಿಪದ್ಯದಲ್ಲಿ ಲೈರ್ ಮೊದಲು, ಕಳ್ಳತನ ಆಮೇಲೆ. ಹಾಗಾದರೆ ಎತ್ತಿನ ಚರ್ಮ ಎಲ್ಲಿಂದ ಬಂತು? ಪದ್ಯ ಹೇಳುವುದಿಲ್ಲ. ಅಪೊಲೊಡೋರಸನ ಹೆಸರಿನ ಪುರಾಣ ಸಂಗ್ರಹದಲ್ಲಿ ಕಳ್ಳತನ ಮೊದಲು, ಕೊಂದ ದನಗಳ ಕರುಳೇ ತಂತಿ. ಎರಡೂ ಹಳೆಯ ಪಾಠಗಳೇ. ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಬೇಕು; ಅರ್ಧ ಇದು, ಅರ್ಧ ಅದು ಬೆರೆಸಿದರೆ ಅಪೊಲೊ ಬರುವ ಹೊತ್ತಿಗೆ ವಾದ್ಯ ಎಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಸ್ತುತಿಪದ್ಯದಲ್ಲಾದರೆ ಕೂಸು ಅದನ್ನು ಎಡಗೈಯಲ್ಲಿ ಅವುಚಿಕೊಂಡು ಮಲಗಿರುತ್ತದೆ.

ನಾಟಕಕ್ಕೆ ವಾದ್ಯ ಮಾಡುವವರು ಆಮೆಯ ಹತ್ತಿರವೂ ಹೋಗಬಾರದು. ನಮ್ಮ ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಒಣಗಿದ ಸೋರೆಬುರುಡೆಯನ್ನು ಉದ್ದಕ್ಕೆ ಸೀಳಿ ಅರ್ಧ ಬಳಸಿದರೆ ಸಾಕು. ಬಿದಿರಿನ ತೋಳುಗಳನ್ನು ಬುರುಡೆಯ ಅಂಚಿಗೆ ಮೊಳೆ ಹೊಡೆದು ನಿಲ್ಲಿಸಿದರೆ ತಂತಿ ಎಳೆದ ಕೂಡಲೇ ಬುರುಡೆ ಸೀಳುತ್ತದೆ. ತೋಳುಗಳು ಬುರುಡೆಯ ಒಳಗೆ ತಳದವರೆಗೂ ಇಳಿದಿರಬೇಕು, ಎಳೆತವನ್ನು ಅವೇ ಹೊರಬೇಕು. ತಂತಿ ಏಳೇ ಇರಲಿ.

ಇನ್ನು ದನ. ಪೈರಿಯಾದ ಹುಲ್ಲುಗಾವಲಿನಲ್ಲಿ ಅಪೊಲೊನ ಮಂದೆಯಿಂದ 50 ಹಸು ಬೇರ್ಪಡಿಸಿ, ಮರಳು ನೆಲದ ಮೇಲೆ ಹಿಮ್ಮುಖವಾಗಿ ನಡೆಸುತ್ತಾನೆ. ಮುಂದಿನ ಗೊರಸು ಹಿಂದಾಯಿತು, ಹಿಂದಿನದು ಮುಂದಾಯಿತು. ಹಸುವಿನ ಹೆಜ್ಜೆ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಸೀಳುಗೊರಸಿನ ಎರಡು ಹೋಳಿನ ಚೂಪು ತುದಿ ಯಾವ ಕಡೆಗೋ ಹಸು ಆ ಕಡೆಗೆ ಹೋಗಿದೆ. ಹಿಮ್ಮುಖ ನಡೆಸಿದರೆ ಚೂಪು ತುದಿ ಹಸು ಬಂದ ದಿಕ್ಕನ್ನು, ಅಂದರೆ ಹುಲ್ಲುಗಾವಲನ್ನೇ ತೋರಿಸುತ್ತದೆ. ಜಾಡು ಹಿಡಿದವನು ತಿರುಗಿ ಹೊರಟಲ್ಲಿಗೇ ಬರುತ್ತಾನೆ. ತನ್ನ ಹೆಜ್ಜೆ ಮರೆಸಲು ಟ್ಯಾಮರಿಸ್ಕ್ ಮತ್ತು ಮಿರ್ಟಲ್ ಗಿಡಗಳ ಎಳೆಕೊಂಬೆಗಳನ್ನು ಎಲೆಸಮೇತ ಹೆಣೆದು ಕಾಲಿಗೆ ಕಟ್ಟಿಕೊಳ್ಳುತ್ತಾನೆ. ಇವು ಹರ್ಮಿಸನ ಪ್ರಸಿದ್ಧ ರೆಕ್ಕೆಯ ಪಾದರಕ್ಷೆಗಳಲ್ಲ, ಒಂದು ರಾತ್ರಿಯ ಕೆಲಸಕ್ಕೆ ಮಾಡಿಕೊಂಡವು. ಕೆಲಸ ಮುಗಿದ ಮೇಲೆ ಆಲ್ಫಿಯಸ್ ನದಿಗೆ ಎಸೆಯುತ್ತಾನೆ. ಚಿತ್ರಕಾರರು ಎರಡನ್ನೂ ಒಂದು ಮಾಡಿಬಿಡುತ್ತಾರೆ.

ಈ ಉಪಾಯ ಎಲ್ಲಿ ಕೆಟ್ಟಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಅಪೊಲೊ ಜಾಡು ನೋಡಿ ಬೆರಗಾಗುತ್ತಾನೆ: ದನದ ಹೆಜ್ಜೆ ಹುಲ್ಲುಗಾವಲಿನ ಕಡೆಗಿದೆ, ಪಕ್ಕದ ಹೆಜ್ಜೆಯೋ ಗಂಡಸಿನದಲ್ಲ, ಹೆಂಗಸಿನದಲ್ಲ, ತೋಳದ್ದಲ್ಲ, ಕರಡಿಯದಲ್ಲ, ಸಿಂಹದ್ದಲ್ಲ. ಮರೆಮಾಚಲು ಮಾಡಿದ್ದೇ ವಿಚಿತ್ರ ಗುರುತಾಗಿ ಕಣ್ಣಿಗೆ ಹೊಡೆಯುತ್ತದೆ. ಮರಳು ಮುಗಿದು ಗಟ್ಟಿನೆಲ ಬಂದಲ್ಲಿ ಜಾಡೇ ಇಲ್ಲ. ಆದರೆ ಓಂಖೆಸ್ಟಸ್ ಊರಿನ ಬಳಿ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ಮುದುಕ ನೋಡಿದ್ದ. ಕಂಡರೂ ಕಾಣದಂತಿರು, ಕೇಳಿದರೂ ಕೇಳದಂತಿರು ಎಂದು ಕೂಸು ಎಚ್ಚರಿಸಿ ಹೋಗಿತ್ತು. ಅಪೊಲೊ ಕೇಳಿದಾಗ ಅವನು ಹೇಳಿಬಿಟ್ಟ. ರೋಮನ್ ಕವಿ ಓವಿಡ್ ಈ ಮುದುಕನನ್ನು ಬಾಟಸ್ ಎಂದು ಕರೆದು, ಮಾತು ತಪ್ಪಿದ್ದಕ್ಕೆ ಕಲ್ಲಾದನೆಂದು ಬರೆದ. ಗ್ರೀಕ್ ಸ್ತುತಿಪದ್ಯದಲ್ಲಿ ಶಿಕ್ಷೆ ಇಲ್ಲ. ಓವಿಡ್‌ನ ಶಿಕ್ಷೆಯನ್ನು ಗ್ರೀಕ್ ಕಥೆಗೆ ಅಂಟಿಸಿದರೆ ಕೂಸು ಕ್ರೂರಿಯಾಗುತ್ತದೆ, ಕಥೆಯ ಹದವೇ ಕೆಡುತ್ತದೆ.

ದನಗಳ್ಳತನವನ್ನು ‘ಸಣ್ಣ ಚೇಷ್ಟೆ’ ಎಂದು ಬರೆಯುವುದೂ ಸರಿಯಲ್ಲ. ನಮ್ಮ ಸೀಮೆಯ ಊರಂಚಿನಲ್ಲಿ ನಿಂತಿರುವ ತುರುಗೋಳ್ ವೀರಗಲ್ಲುಗಳನ್ನು ನೋಡಿದರೆ ಸಾಕು. ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಿದ ನಾಡು ಇದು. ಗ್ರೀಕರಿಗೂ ದನವೇ ಐಶ್ವರ್ಯ. 50 ಹಸು ಕದಿಯುವುದೆಂದರೆ ಅಣ್ಣನ ಐಶ್ವರ್ಯಕ್ಕೇ ಕೈ ಹಾಕುವುದು. ಗುಹೆಯಲ್ಲಿ ಹುಟ್ಟಿದ ಕೂಸಿಗೆ ದೇವಸಭೆಯಲ್ಲಿ ಪಾಲಿಲ್ಲ. ಆ ಪಾಲಿಗಾಗಿಯೇ ಈ ಇಡೀ ರಾತ್ರಿಯ ಓಡಾಟ.

ಆಲ್ಫಿಯಸ್ ದಡದಲ್ಲಿ ಅವನು ಏನು ಮಾಡಿದ ಎಂಬುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅಲ್ಲೇ ಕಥೆಯ ತಿರುಳಿದೆ. ಲಾರೆಲ್ ಕೊಂಬೆಯ ಸಿಪ್ಪೆ ಹೆರೆದು, ಕಟ್ಟಿಗೆಯನ್ನು ಕಟ್ಟಿಗೆಗೆ ಮಸೆದು ಬೆಂಕಿ ಹುಟ್ಟಿಸುತ್ತಾನೆ. ಇದು ನಮ್ಮ ಅರಣಿಯೇ. ಅರಣಿಯಂಥ ಬೆಂಕಿಕಡ್ಡಿಯನ್ನು ಮೊದಲು ಕೊಟ್ಟವನು ಹರ್ಮಿಸ್ ಎಂದು ಪದ್ಯ ಸ್ಪಷ್ಟವಾಗಿ ಹೇಳುತ್ತದೆ. ಪ್ರೊಮಿಥಿಯಸ್ ತಂದದ್ದು ಬೆಂಕಿ, ಹರ್ಮಿಸ್ ಕೊಟ್ಟದ್ದು ಬೆಂಕಿ ಮಾಡುವ ಉಪಕರಣ. ಎರಡು ಹಸು ಕೆಡವಿ, ಮಾಂಸ ಸುಟ್ಟು, 12 ಪಾಲು ಮಾಡಿ, ಚೀಟಿ ಎತ್ತಿದಂತೆ ಹಂಚುತ್ತಾನೆ. ಸುಟ್ಟ ಮಾಂಸದ ವಾಸನೆಗೆ ಕೂಸಿನ ಬಾಯಲ್ಲಿ ನೀರು ಬರುತ್ತದೆ. ಆದರೂ ಒಂದು ತುಣುಕನ್ನೂ ಗಂಟಲಿಗೆ ಇಳಿಸುವುದಿಲ್ಲ. ಮಾಂಸ ತಿನ್ನುವುದು ಮನುಷ್ಯರ ಪಾಡು, ಹೊಗೆ ಮತ್ತು ಗೌರವ ದೇವರ ಪಾಲು. 12 ದೇವರುಗಳಲ್ಲಿ ತಾನೂ ಒಬ್ಬ ಎಂದು ಸಾಧಿಸಲು ಹಸಿದ ಕೂಸು ಹಸಿದೇ ಇರುತ್ತದೆ. ಬಳಿಕ ತಲೆ, ಕಾಲು ಸುಟ್ಟು, ಬೂದಿಯನ್ನು ಮರಳಿನಲ್ಲಿ ಹರಡಿ, ಬೆಳಗಿನ ಜಾವ ಚಿಲಕದ ತೂತಿನಿಂದ ಮಂಜಿನಂತೆ ಒಳಗೆ ನುಸುಳಿ ಮೊರದಲ್ಲಿ ಮಲಗುತ್ತಾನೆ. ಚರ್ಮವನ್ನು ಮಾತ್ರ ಬಂಡೆಯ ಮೇಲೆ ಹರಡಿದ್ದು ಹಾಗೇ ಉಳಿಯುತ್ತದೆ, ಅಪೊಲೊನ ಕಣ್ಣಿಗೆ ಬೀಳುವುದೂ ಅದೇ.

ಪಾಲಿನ ಮಾತು ಬಂದದ್ದರಿಂದ ಪ್ರೊಮಿಥಿಯಸ್. ಹೊಸತೊಡಕಿನ ದಿನ ಮಂಡ್ಯದ ಹಳ್ಳಿಗಳಲ್ಲಿ ಗುಡ್ಡೆಬಾಡು ಹಾಕುವುದನ್ನು ನೋಡಿದವರಿಗೆ ಅವನ ಕಥೆ ವಿವರಿಸುವುದೇ ಬೇಡ. ಗುಡ್ಡೆ ಹಾಕುವವನ ನಿಯತ್ತು ಎಂದರೆ ಪ್ರತಿ ಗುಡ್ಡೆಗೂ ಈಲಿ, ಮೂಳೆ, ಕೊಬ್ಬು, ಮೆತ್ತನೆಯ ತುಂಡು ಸಮವಾಗಿ ಬೀಳಬೇಕು. ಗ್ರೀಕ್ ಕವಿ ಹೆಸಿಯಡ್ ಹೇಳುವ ಪ್ರಕಾರ ಮೆಕೋನಿ ಎಂಬ ಊರಿನಲ್ಲಿ ಪ್ರೊಮಿಥಿಯಸ್ ಹಾಕಿದ್ದು ಎರಡೇ ಗುಡ್ಡೆ, ಎರಡೂ ಸುಳ್ಳು. ಒಂದರಲ್ಲಿ ಒಳ್ಳೆಯ ಮಾಂಸ ಮತ್ತು ಕೊಬ್ಬಿನ ಕರುಳನ್ನು ಎತ್ತಿನ ಹೊಟ್ಟೆಯ ಚೀಲದೊಳಗೆ ತುಂಬಿದ, ನೋಡಲು ಹೇಸಿಗೆ. ಇನ್ನೊಂದರಲ್ಲಿ ಬರೀ ಮೂಳೆಯನ್ನು ಜೋಡಿಸಿ ಹೊಳೆಯುವ ಬಿಳಿ ಕೊಬ್ಬು ಹೊದಿಸಿದ. ಯಾವುದು ಬೇಕೋ ಆರಿಸಿಕೋ ಎಂದ. ಜ್ಯೂಸ್ ಬಿಳಿ ಗುಡ್ಡೆ ಆರಿಸಿದ. ಮೋಸವನ್ನು ಅರಿತೇ ಆರಿಸಿದ ಎಂದು ಹೆಸಿಯಡ್ ದೇವರಾಜನ ಮಾನ ಕಾಯುತ್ತಾನೆ. ಗ್ರೀಕರು ಬಲಿಯಲ್ಲಿ ಮೂಳೆ, ಕೊಬ್ಬನ್ನು ದೇವರಿಗೆ ಸುಟ್ಟು ಮಾಂಸವನ್ನು ತಾವು ಉಣ್ಣುತ್ತಿದ್ದುದಕ್ಕೆ ಇದೇ ಕಾರಣಕಥೆ. ಬೆಂಕಿ ಕದ್ದದ್ದು ಇದರ ಮುಂದಿನ ಘಟ್ಟ: ಕೋಪಗೊಂಡ ಜ್ಯೂಸ್ ಬೆಂಕಿಯನ್ನು ಬಚ್ಚಿಟ್ಟ, ಆದ್ದರಿಂದ ಕದಿಯಬೇಕಾಯಿತು. ಗುಡ್ಡೆಯ ಪ್ರಸಂಗ ಕತ್ತರಿಸಿದರೆ ಜ್ಯೂಸ್ ಕಾರಣವಿಲ್ಲದೆ ಕೆಡುಕನಾಗುತ್ತಾನೆ. ಮಕ್ಕಳ ಪುಟದಲ್ಲಿ ಆಗುತ್ತಿರುವುದು ಅದೇ.

ಪಂಜಂತೂ ಪೂರಾ ತಪ್ಪು. ಪಂಜು ಹಿಡಿದು ಓಡಿದರೆ ದೇವರುಗಳ ಬೆಟ್ಟ ಒಲಿಂಪಸ್ಸಿನಿಂದಲೇ ಕಾಣುತ್ತದೆ. ಹೆಸಿಯಡ್ ಹೇಳುವುದು ‘ನಾರ್ಥೆಕ್ಸ್’ ಎಂಬ ಗಿಡದ ಟೊಳ್ಳು ಕಾಂಡ. ನಮ್ಮ ಸೋಂಪಿನ ಗಿಡದ ಬಳಗದ ದೈತ್ಯ ಅದು. ಆಳೆತ್ತರಕ್ಕೂ ಮಿಕ್ಕಿ ಬೆಳೆಯುತ್ತದೆ. ಒಣಗಿದ ಮೇಲೆ ಹೊರಗಿನ ಸಿಪ್ಪೆ ಗಟ್ಟಿ, ಒಳಗೆ ಬೆಂಡು. ಬೆಂಡಿಗೆ ಕಿಡಿ ಹತ್ತಿಸಿದರೆ ಉರಿಯೇಳದೆ ಒಳಗೊಳಗೇ ನಿಧಾನವಾಗಿ ಕನಲುತ್ತದೆ, ಸಿಪ್ಪೆ ಸುಡುವುದಿಲ್ಲ. ಬೀಡಾ ಅಂಗಡಿಯ ಮುಂದೆ ತೂಗುಬಿಟ್ಟ ತೆಂಗಿನ ನಾರಿನ ಹಗ್ಗದ ತುದಿ ದಿನವಿಡೀ ಕನಲುತ್ತಿದ್ದುದನ್ನು ಹಿರಿಯರು ಬಲ್ಲರು. ಅದೇ ಗುಟ್ಟು. ನೋಡುವವರಿಗೆ ಅವನು ಊರುಗೋಲು ಹಿಡಿದು ಹೋಗುತ್ತಿದ್ದಾನೆ, ಅಷ್ಟೆ. ಇಲ್ಲೂ ಗುಡ್ಡೆಯ ಉಪಾಯವೇ: ಹೊರಗೆ ಒಂದು, ಒಳಗೆ ಒಂದು.

ಜ್ಯೂಸ್ ತೀರಿಸಿಕೊಂಡ ಸೇಡೂ ಅದೇ ಅಚ್ಚಿನದು. ಹೊರಗೆ ಚೆಲುವು, ಒಳಗೆ ಕೇಡು ಇರುವ ಪಂಡೋರಾ ಎಂಬ ಹೆಣ್ಣು. ಅವಳೊಳಗೆ ಸುಳ್ಳು, ನಯವಾದ ಮಾತು, ಕಳ್ಳಬುದ್ಧಿ ಇಟ್ಟವನೂ, ಅವಳಿಗೆ ಹೆಸರಿಟ್ಟವನೂ ಹರ್ಮಿಸನೇ. ಅವಳು ತೆರೆದದ್ದು ಪೆಟ್ಟಿಗೆಯಲ್ಲ. ಗ್ರೀಕಿನಲ್ಲಿರುವುದು ‘ಪಿಥೋಸ್’, ಕಾಳು, ಎಣ್ಣೆ, ದ್ರಾಕ್ಷಾರಸ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. 16ನೇ ಶತಮಾನದಲ್ಲಿ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್ನಿಗೆ ತರುವಾಗ ಅದು ‘ಪಿಕ್ಸಿಸ್’, ಅಂದರೆ ಡಬ್ಬಿ ಆಯಿತು. ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮ್ಮ ‘ಪಂಡೋರಾಳ ಪೆಟ್ಟಿಗೆ’. ಕನ್ನಡದಲ್ಲಿ ಗುಡಾಣ ಎಂಬ ಒಳ್ಳೆಯ ಮಾತಿರುವಾಗ ಆ ತಪ್ಪನ್ನು ನಾವೇಕೆ ಹೊರಬೇಕು? ಮನೆಯ ಉಗ್ರಾಣದ ಗುಡಾಣದಿಂದ ಕಾಳಿನ ಬದಲು ರೋಗ ಹೊರಬಿದ್ದರೆ ಹೆದರಿಕೆಯೇ ಬೇರೆ. ಅದರ ಕಂಠದ ಕೆಳಗೆ ಆಸೆಯೊಂದು ಮಾತ್ರ ಹೊರಬೀಳದೆ ಉಳಿಯಿತು.

ನಾರದನ ಹೋಲಿಕೆಗೆ ಮತ್ತೆ ಬರುತ್ತೇವೆ. ಇಬ್ಬರೂ ಲೋಕ ಸುತ್ತುವವರು, ಸುದ್ದಿ ಒಯ್ಯುವವರು, ಇಬ್ಬರ ಕೈಯಲ್ಲೂ ತಂತಿವಾದ್ಯ ಎಂಬಷ್ಟಕ್ಕೆ ಹೋಲಿಕೆ ಮುಗಿಯಿತು. ನಾರದ ತನ್ನ ವೀಣೆ ಮಹತಿಯನ್ನು ಎಂದೂ ಕೈಬಿಡುವವನಲ್ಲ. ಹರ್ಮಿಸನೋ ತಾನು ಮಾಡಿದ ವಾದ್ಯವನ್ನು ಅಪೊಲೊನಿಗೆ ಕೊಟ್ಟೇಬಿಡುತ್ತಾನೆ. ಪ್ರತಿಯಾಗಿ ದನ ಕಾಯುವ ಚಾಟಿಯೂ ಮಂದೆಯ ಒಡೆತನವೂ ಅವನಿಗೆ ಬರುತ್ತವೆ. ಕಳ್ಳತನದಿಂದ ಶುರುವಾದದ್ದು ವಿನಿಮಯವಾಗಿ ಮುಗಿಯುತ್ತದೆ, ಆದ್ದರಿಂದಲೇ ಅವನು ಕಳ್ಳರಿಗೂ ದೇವರು, ವ್ಯಾಪಾರಿಗಳಿಗೂ ದೇವರು. ನಾರದ ಜಗಳ ಹಚ್ಚುತ್ತಾನೆ. ಇಲ್ಲಿ ಎದುರಾಳಿಯೇ ಗೆಳೆಯನಾಗುತ್ತಾನೆ. ನಿಜವಾದ ನೆಂಟಸ್ತಿಕೆ ಬೇಕಿದ್ದರೆ ನಮ್ಮ ನೀಲಗಾರರು ಹಾಡುವ ಮಂಟೇಸ್ವಾಮಿಯನ್ನು ನೋಡಬೇಕು. ಹೇಸಿಗೆ ಹುಟ್ಟಿಸುವ ರೂಪ ಹೊತ್ತು ಕಲ್ಯಾಣದ ಬಾಗಿಲಿಗೆ ಬಂದು ಶರಣರನ್ನೇ ಪರೀಕ್ಷಿಸಿದ ಆ ಜಂಗಮನ ಬಗೆ, ಪ್ರೊಮಿಥಿಯಸ್ ಒಳ್ಳೆಯ ಮಾಂಸವನ್ನು ಹೊಟ್ಟೆಯ ಚೀಲದಲ್ಲಿ ಬಚ್ಚಿಟ್ಟ ಬಗೆಗೆ ಹತ್ತಿರ. ನೀಲಗಾರರ ಹಾಡು ಕೇಳಿ ಬೆಳೆದ ಮಳವಳ್ಳಿ ಕಡೆಯ ಮಕ್ಕಳಿಗೆ ಈ ದಾರಿಯಲ್ಲಿ ಹೇಳಿಕೊಟ್ಟರೆ ಗ್ರೀಕ್ ಕಥೆ ದೂರದ್ದೆನಿಸುವುದಿಲ್ಲ.

ಕನ್ನಡಕ್ಕೆ ಗ್ರೀಕ್ ಸಾಹಿತ್ಯ ಮುಖ್ಯವಾಗಿ ದುರಂತ ನಾಟಕದ ಬಾಗಿಲಿನಿಂದ ಬಂತು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ. ಶ್ರೀಕಂಠಯ್ಯನವರು ಸೋಫೋಕ್ಲಿಸನ ‘ಏಜಾಕ್ಸ್’ ಅನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದರು. ಅದೇ ಸೋಫೋಕ್ಲಿಸ್ ಹರ್ಮಿಸನ ದನಗಳ್ಳತನದ ಮೇಲೂ ನಗೆನಾಟಕವೊಂದನ್ನು ಬರೆದಿದ್ದ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಚೂರುಗಳಿಂದ ಅದರ ಭಾಗ 1912ರಲ್ಲಿ ಅಚ್ಚಾಯಿತು. ಜಾಡು ಹಿಡಿಯಲು ಹೊರಟ ಸ್ಯಾಟಿರ್‌ಗಳ (ಅರ್ಧ ಮನುಷ್ಯ, ಅರ್ಧ ಪ್ರಾಣಿಯಾದ ಕಾಡುಜೀವಿಗಳ) ಗುಂಪು, ನೆಲದೊಳಗಿಂದ ಬರುವ ಲೈರಿನ ನಾದ ಕೇಳಿ ಗಾಬರಿಯಾಗುವ ದೃಶ್ಯ ಅದರಲ್ಲಿದೆ. ಮಕ್ಕಳ ರಂಗಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಇನ್ನೆರಡು ಸಣ್ಣ ತಿದ್ದುಪಡಿ. ಲೋಕಿ ಗ್ರೀಕರ ದೇವರಲ್ಲ, ಉತ್ತರ ಯೂರೋಪಿನ ನಾರ್ಸ್ ಜನರವನು; ಸಿನಿಮಾ ನೋಡಿ ಅವನನ್ನು ಒಲಿಂಪಸ್ಸಿಗೆ ಸೇರಿಸುವುದು ಬೇಡ. ಹರ್ಮಿಸನ ಕೋಲಿಗೆ ಎರಡು ಹಾವು, ರೆಕ್ಕೆ. ವೈದ್ಯದೇವರು ಅಸ್ಕ್ಲೀಪಿಯಸನ ಕೋಲಿಗೆ ಒಂದೇ ಹಾವು, ರೆಕ್ಕೆ ಇಲ್ಲ. ಅಮೆರಿಕದ ಸೇನಾ ವೈದ್ಯದಳ 1902ರಲ್ಲಿ ಎರಡು ಹಾವಿನದನ್ನು ಲಾಂಛನ ಮಾಡಿಕೊಂಡ ಮೇಲೆ ಗೊಂದಲ ಬೆಳೆಯಿತು, ಈಗ ಎಷ್ಟೋ ಔಷಧಿ ಅಂಗಡಿಗಳ ಬೋರ್ಡಿನ ಮೇಲೆ ಸತ್ತವರನ್ನು ಪಾತಾಳಕ್ಕೆ ಕರೆದೊಯ್ಯುವ ಹರ್ಮಿಸನ ಕೋಲಿದೆ.

ಕಡೆಯದಾಗಿ, ಅಪೊಲೊ ದೂರು ಒಯ್ದಾಗ ಜ್ಯೂಸನ ಮುಂದೆ ಕೂಸು ಮಾಡುವ ಪ್ರಮಾಣವನ್ನು ನಾಟಕದಲ್ಲಿ ದಯವಿಟ್ಟು ಪೂರ್ತಿ ಉಳಿಸಿಕೊಳ್ಳಿ. ‘ನಾನು ಕದ್ದಿಲ್ಲ’ ಎಂದು ಅವನು ಅಲ್ಲಿ ಹೇಳುವುದಿಲ್ಲ. ‘ದನಗಳನ್ನು ನಾನು ಮನೆಗೆ ಹೊಡೆದುಕೊಂಡು ಹೋಗಲಿಲ್ಲ, ಹೊಸ್ತಿಲನ್ನೂ ದಾಟಲಿಲ್ಲ’ ಎನ್ನುತ್ತಾನೆ. ಮೊದಲರ್ಧ ಅಕ್ಷರಶಃ ನಿಜ, ದನ ಇದ್ದದ್ದು ಆಲ್ಫಿಯಸ್ ದಡದಲ್ಲಿ. ಎರಡನೆಯದು ಸುಳ್ಳು, ಆಮೆ ಸಿಕ್ಕಿದ್ದೇ ಅವನು ಹೊಸ್ತಿಲು ದಾಟಿದಾಗ. ನಿಜ ಮೊದಲು, ಸುಳ್ಳು ಆಮೇಲೆ, ಎರಡೂ ಒಂದೇ ಉಸಿರಿನಲ್ಲಿ. ನಟ ನಡುವೆ ನಿಲ್ಲಿಸಬಾರದು. ಪದ್ಯದ ಪ್ರಕಾರ ಮಾತು ಮುಗಿಸುವಾಗ ಕೂಸು ಕಣ್ಣು ಮಿಟುಕಿಸುತ್ತದೆ, ಸುತ್ತಿದ ಬಟ್ಟೆ ಇನ್ನೂ ಅದರ ತೋಳಿನ ಮೇಲೆಯೇ ಇರುತ್ತದೆ. ಜ್ಯೂಸ್ ನಗಬೇಕಾದದ್ದು ಅದನ್ನು ನೋಡಿದ ಮೇಲೆ.

ಇಂತಿ,
ಗ್ರೀಕ್ ಪುರಾಣ ಪಾಠ ಹೇಳುವ ಕೆಲವು ಅಧ್ಯಾಪಕರು,
ಮೈಸೂರು ಮತ್ತು ಮಂಡ್ಯ